ಕಲ್ಲುಹೂವಿನ ಚಿತ್ರಗಳ ರಟ್ಟಿನ ಚೌಕಟ್ಟುಗಳು ಕಸಕ್ಕೆ ಹೋದ ಬಗ್ಗೆ

ಮರು ಹೇಳಿಕೆ

ಮನೆಯಲ್ಲೂ ಅಂಗಡಿಯಲ್ಲೂ ಗಡಿಬಿಡಿ ಎಂದು ಕರೆಸಿಕೊಳ್ಳುವ ನಾನು, ವಯಸ್ಸು 20 ವರ್ಷ, ವಿದ್ಯಾಭ್ಯಾಸ ಒಂಬತ್ತನೇ ತರಗತಿ ಅರ್ಧಕ್ಕೆ ಬಿಟ್ಟಿದ್ದು, ಉದ್ಯೋಗ ಸೋದರಮಾವನ ಫೋಟೋ ಸ್ಟುಡಿಯೋದಲ್ಲಿ ಸ್ಕ್ಯಾನಿಂಗ್ ಕೆಲಸ, ವಾಸ ಅದೇ ಸ್ಟುಡಿಯೋದ ಮೇಲಿನ ಮಹಡಿ, ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಇದೇ ಮಾರ್ಚ್ 12ರಂದು ಸ್ಟುಡಿಯೋಗೆ ಬಂದಿದ್ದ ಪೊಲೀಸರು ರಟ್ಟಿನ ಚೌಕಟ್ಟುಗಳಿದ್ದ ಕಪ್ಪು ಚೀಲ ಎಲ್ಲಿ ಹೋಯಿತೆಂದು ಕೇಳಿದಾಗ ಗೊತ್ತಿಲ್ಲ ಎಂದು ಹೇಳಿಕೆ ಕೊಟ್ಟಿದ್ದೆ. ಅದು ಸುಳ್ಳು. ಚೀಲ ಕಳವಾಗಿಲ್ಲ. ಈಗ ಆರೋಪಿ ಎಂದು ಬರೆಸಿಕೊಂಡಿರುವ ಕಾಲೇಜಿನ ಮೇಷ್ಟ್ರು ಅದನ್ನು ಮುಟ್ಟಿಲ್ಲ.

ಮಾರ್ಚ್ 2, ಸೋಮವಾರ ಬೆಳಿಗ್ಗೆ 10.40ಕ್ಕೆ ದೂರುದಾರರಾದ ನಿವೃತ್ತ ವಿಜ್ಞಾನಿ (ನಾವು ಅವರನ್ನು ಮೇಡಂ ಎನ್ನುತ್ತೇವೆ) ಸ್ಕ್ಯಾನ್ ಮಾಡಿಸಲು ನಾಲ್ಕು ತಗಡಿನ ಪೆಟ್ಟಿಗೆಗಳೊಂದಿಗೆ ಸ್ಟುಡಿಯೋಗೆ ಬಂದರು. ಅವುಗಳಲ್ಲಿ 1,864 ಸ್ಲೈಡ್‌ಗಳಿದ್ದವು. ಸ್ಲೈಡ್ ಎಂದರೆ ರಟ್ಟಿನ ಚೌಕಟ್ಟಿನೊಳಗೆ ಕೂರಿಸಿದ, ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾದ ಫಿಲ್ಮ್ ತುಂಡು. ಮೇಡಂ ಇಪ್ಪತ್ತೆರಡು ವರ್ಷಗಳಲ್ಲಿ ಒಂಬತ್ತು ಸಲ ದೂರದ ಒಂದು ಚಳಿ ದೇಶಕ್ಕೆ ಹೋಗಿ, ಅಲ್ಲಿನ ಕಡಲ ದಂಡೆಯ ನಲವತ್ತು ಬಂಡೆಗಳ ಮೇಲೆ ಬೆಳೆಯುವ ಕಲ್ಲುಹೂವಿನ ಚಿತ್ರ ತೆಗೆದಿದ್ದರು. ಪ್ರತಿ ಸಲವೂ ಅದೇ ನಲವತ್ತು ಬಂಡೆ. ನಡುನಡುವೆ ಹಡಗುಕಟ್ಟೆ, ಮರಳಿನ ಮೇಲೆ ಮಲಗಿದ ಸೀಲ್ ಎಂಬ ಕಡಲಪ್ರಾಣಿಗಳು, ತಂಗಿದ್ದ ಕೋಣೆಯ ಕಿಟಕಿಯಲ್ಲಿ ಒಣಗಲು ಹಾಕಿದ ಕೈಗವಸು, ಇಂಥ ಚಿತ್ರಗಳೂ ಇದ್ದವು.

ಮಾವ, ‘ಕಲ್ಲುಹೂವು ನೋಡೋಕೆ ವಿಮಾನ ಹತ್ತಬೇಕಿತ್ತಾ ಮೇಡಂ? ನಮ್ಮ ಹಿಂದಿನ ಗೋಡೆ ಮೇಲೆ ಬೇಕಾದಷ್ಟಿದೆ’ ಎಂದರು. ಮೇಡಂ ನಕ್ಕು, ‘ನಿಮ್ಮ ಗೋಡೆಗೆ ಸುಣ್ಣ ಹೊಡೀತೀರಲ್ಲ, ಅದೇ ತೊಂದರೆ’ ಎಂದರು. ಎರಡು ಸ್ಲೈಡ್‌ಗಳನ್ನು ಬೆಳಕಿಗೆ ಹಿಡಿದು ತೋರಿಸಿದರು. ಎರಡರಲ್ಲೂ ಬಂಡೆಯ ಮೇಲೆ ಬಳೆಯಂತೆ ಬೆಳೆದ ಬೂದು ಬಣ್ಣದ ಕಲ್ಲುಹೂವು, ಪಕ್ಕದಲ್ಲಿ ಅಳತೆಗೆಂದು ಇಟ್ಟ ನಾಣ್ಯ. ಇಪ್ಪತ್ತೆರಡು ವರ್ಷದಲ್ಲಿ ಅದು ಕಿರುಬೆರಳಿನ ಉಗುರಿನಷ್ಟು ಬೆಳೆದಿದೆಯೆಂದು ಹೇಳಿದರು. ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ನನಗೆ ತಿಳಿಯಲಿಲ್ಲ.

ಪ್ರತಿ ಚೌಕಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಸಾಸಿವೆಯಂಥ ಅಕ್ಷರಗಳಿದ್ದವು: ಬಂಡೆಯ ಸಂಖ್ಯೆ, ದಿಕ್ಕು, ತಾರೀಖು, ಹೊತ್ತು. ಇದನ್ನೆಲ್ಲ ಬರೆದಿಟ್ಟ ಬೇರೆ ಪುಸ್ತಕ ಇಲ್ಲವೇ ಎಂದು ಮಾವ ಕೇಳಿದರು. ಮೇಡಂ, ‘ಪುಸ್ತಕ ಬೇರೆ, ಚಿತ್ರ ಬೇರೆ ಇಟ್ರೆ ಒಂದಿನ ಒಂದನ್ನೊಂದು ಮರೆತುಬಿಡ್ತವೆ. ಅದಕ್ಕೇ ಎಲ್ಲಾ ಇದರ ಮೇಲೇ ಇಳಿಸಿ, ಮನೆ ಬದಲಾಯಿಸಿದಾಗ ಪುಸ್ತಕ ರದ್ದಿಗೆ ಹಾಕ್ದೆ. ಚೌಕಟ್ಟಿನ ಸಮೇತ ವಾಪಸ್ ಕೊಡಬೇಕು’ ಎಂದರು. ಮಾವ ಚೀಟಿಯಲ್ಲಿ ‘1,864, ಹುಷಾರು’ ಎಂದಷ್ಟೇ ಬರೆದುಕೊಂಡರು. ಆಗ ನಾನು ಎಂಟು ಅಡಿ ದೂರದಲ್ಲಿ ಏಣಿ ಹತ್ತಿ ಟ್ಯೂಬ್‌ಲೈಟ್ ಬದಲಾಯಿಸುತ್ತಿದ್ದೆ. ಮೇಡಂ ಹೇಳಿದ ಪ್ರತಿ ಮಾತೂ ನನಗೆ ಕೇಳಿಸಿತ್ತು.

ಮಾರ್ಚ್ 6ರಂದು ಕೆಲಸ ಶುರು ಮಾಡಿದೆ. ಬೂಷ್ಟು ಹಿಡಿದು ರಟ್ಟು ಉಬ್ಬಿದ್ದರಿಂದ ಮೊದಲ ಹತ್ತು ಸ್ಲೈಡ್‌ಗಳಲ್ಲಿ ನಾಲ್ಕು ಯಂತ್ರದಲ್ಲಿ ಸಿಕ್ಕಿಕೊಂಡವು. ಹಳೆಯ ಮದುವೆಯ ಸ್ಲೈಡ್ ಬಂದರೆ ರಟ್ಟು ಕತ್ತರಿಸಿ ಹೊಸ ಪ್ಲಾಸ್ಟಿಕ್ ಚೌಕಟ್ಟು ಹಾಕಿಕೊಡುವುದು ನಮ್ಮ ಸ್ಟುಡಿಯೋದ ರೂಢಿ. ಗಿರಾಕಿಗಳು ಫಳಫಳ ಹೊಳೆಯುತ್ತದೆಂದು ಖುಷಿಪಡುತ್ತಾರೆ. ಅಟ್ಟದ ಮೇಲೆ ಎರಡು ಸಾವಿರ ಹೊಸ ಚೌಕಟ್ಟುಗಳ ಡಬ್ಬ ಹಾಗೇ ಬಿದ್ದಿತ್ತು. ನನಗೆ ಒಂದು ಕಡೆ ಕೂತು ಒಂದೇ ಕೆಲಸ ಮಾಡಿ ಅಭ್ಯಾಸವಿಲ್ಲ. ಬೇಗ ಮುಗಿಯಲಿ ಎಂದುಕೊಂಡೆ. ಮೇಡಂಗೂ ಸಂತೋಷವಾಗುತ್ತದೆ ಎಂದೂ ಅಂದುಕೊಂಡೆ. ಚೌಕಟ್ಟಿನ ಸಮೇತ ಬೇಕೆಂದು ಅವರು ಹೇಳಿದ್ದು ನೆನಪಿತ್ತು. ಕತ್ತರಿಸಿದ್ದನ್ನು ಚೀಲದಲ್ಲಿ ಹಾಕಿಕೊಟ್ಟರೆ ಸಮೇತ ಕೊಟ್ಟ ಹಾಗೇ ಎಂದು ನನಗೆ ನಾನೇ ಹೇಳಿಕೊಂಡೆ. ಯಾವ ರಟ್ಟು ಯಾವ ಫಿಲ್ಮಿನದು ಎಂದು ಗುರುತು ಹಾಕಲಿಲ್ಲ. ಬೂಷ್ಟು ಕಡಿಮೆ ಇದ್ದವನ್ನು ಮೊದಲು, ಹೆಚ್ಚು ಇದ್ದವನ್ನು ಆಮೇಲೆ ತೆಗೆದುಕೊಂಡಿದ್ದರಿಂದ ಪೆಟ್ಟಿಗೆಯಲ್ಲಿದ್ದ ಕ್ರಮವೂ ಹೋಯಿತು. 8ನೇ ತಾರೀಖು ಸಂಜೆ 6ಕ್ಕೆ ಎಲ್ಲವೂ ಮುಗಿಯಿತು. ರಟ್ಟುಗಳನ್ನು ಕಪ್ಪು ಚೀಲಕ್ಕೆ ತುಂಬಿ ಮೇಜಿನ ಕೆಳಗಿಟ್ಟೆ. ಅಲ್ಲಿ ಕಸದ ಎರಡು ಚೀಲಗಳೂ ಇದ್ದವು, ಅವೂ ಕಪ್ಪು.

ಮಾರ್ಚ್ 9ರಂದು ಮಧ್ಯಾಹ್ನ 4.15ಕ್ಕೆ ಕಾಲೇಜಿನ ಮೇಷ್ಟ್ರು ಬಂದರು. ಅವರು ಮೇಡಂನ ಹಳೆಯ ಶಿಷ್ಯ. ಒಂಬತ್ತು ಪ್ರವಾಸಗಳಲ್ಲಿ ಆರಕ್ಕೆ ಕ್ಯಾಮೆರಾ ಹೊತ್ತು ಜೊತೆಗೆ ಹೋದವರು. ಈ ಚಿತ್ರಗಳಿಂದ ಮೇಡಂ ಬರೆಯುತ್ತಿರುವ ಪುಸ್ತಕದಲ್ಲಿ ತಮ್ಮ ಹೆಸರೂ ಇರಬೇಕೆಂದು ಕೇಳಿದ್ದಕ್ಕೆ ಮೇಡಂ ಎರಡು ವರ್ಷದಿಂದ ಮಾತು ಬಿಟ್ಟಿದ್ದಾರೆಂದು ಹೇಳಿ, ಚಿತ್ರಗಳನ್ನು ಒಮ್ಮೆ ನೋಡಿ ಹೋಗುತ್ತೇನೆಂದು ಕೇಳಿಕೊಂಡರು. ಮಾವ ಒಪ್ಪಿದರು. ಮೇಷ್ಟ್ರು ಮೊದಲ ಸ್ಲೈಡ್ ಕೈಗೆತ್ತಿಕೊಂಡವರೇ, ‘ರಟ್ಟು ಎಲ್ಲಮ್ಮಾ?’ ಎಂದರು. ಮೇಜಿನ ಕೆಳಗೆ ತೋರಿಸಿದೆ. ಅವರು ಚೀಲದ ಬಾಯಿ ಬಿಚ್ಚಿ ನೋಡಿದರು. ‘ಅಯ್ಯೋ ತಾಯಿ, ಏನು ಮಾಡಿಬಿಟ್ಟೆ! ಒಂದು ಚೂರೂ ಎಸೀಬೇಡ. ಬೀರುವಿನಲ್ಲಿಟ್ಟು ಬೀಗ ಹಾಕು, ಈಗಲೇ’ ಎಂದು ಎರಡು ಸಲ ಹೇಳಿದರು. ಆಯ್ತು ಸಾರ್ ಎಂದೆ. ಅವರು ಇಪ್ಪತ್ತು ನಿಮಿಷ ಕೂತು ಹೋದರು. ಬೀರುವಿನ ಬೀಗದ ಕೈ ಮೇಲಿನ ಮಹಡಿಯಲ್ಲಿತ್ತು. ಹದಿನಾರು ಮೆಟ್ಟಿಲು. ಆಮೇಲೆ ತಂದರಾಯಿತು ಎಂದು ಬಿಟ್ಟೆ.

ಮಾರ್ಚ್ 10ರಂದು ಬೆಳಿಗ್ಗೆ 6.30ಕ್ಕೆ ಕಸದ ಗಾಡಿಯ ಗಂಟೆ ಕೇಳಿಸಿತು. ಗಾಡಿ ನಮ್ಮ ಬಾಗಿಲಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ನಿದ್ದೆಗಣ್ಣಲ್ಲಿ ಕೆಳಗಿಳಿದು ಮೇಜಿನ ಕೆಳಗಿದ್ದ ಮೂರು ಚೀಲಗಳನ್ನೂ ಕೊಟ್ಟುಬಿಟ್ಟೆ. ಏಳು ಗಂಟೆಗೆ ನೆನಪಾಯಿತು. ಓಡಿದೆ. ಗಾಡಿ ಸಿಗಲಿಲ್ಲ. ವಾಪಸ್ ಬಂದು ಮಾವನಿಗೆ ಹೇಳಿದೆ.

ಮಾರ್ಚ್ 11ರಂದು 11 ಗಂಟೆಗೆ ಮೇಡಂ ಬಂದರು. ಪೆಟ್ಟಿಗೆ ತೆರೆದು, ಹೊಸ ಚೌಕಟ್ಟುಗಳ ಮೇಲೆ ಬೆರಳಾಡಿಸುತ್ತ, ಬರೆದದ್ದು ಎಲ್ಲಿ ಎಂದು ಮೆಲ್ಲಗೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾವ, ರಟ್ಟುಗಳನ್ನು ಜೋಪಾನವಾಗಿ ಚೀಲದಲ್ಲಿಟ್ಟಿದ್ದೆವು, ನಿಮ್ಮ ಶಿಷ್ಯರು ಬಂದುಹೋದ ಮೇಲೆ ಕಾಣುತ್ತಿಲ್ಲ ಎಂದರು. ಮೇಡಂ, ‘ಅವನಾ?’ ಎಂದರು. ಪೆಟ್ಟಿಗೆಗಳನ್ನು ತೆಗೆದುಕೊಂಡು ಹೊರಟರು. ಅವರು ಹೋದ ಮೇಲೆ ಮಾವ ನನಗೆ, ‘ನೀನು ಬಾಯಿ ಬಿಟ್ರೆ ಈ ಅಂಗಡಿಗೆ ಶಟರ್ ಎಳೆಯೋದೇ. ನಿಮ್ಮಮ್ಮನಿಗೆ ನಾನೇನು ಹೇಳಲಿ? ಸತ್ಯಹರಿಶ್ಚಂದ್ರನ ಮೊಮ್ಮಗಳ ಆಟ ಬೇಡ’ ಎಂದರು. ಶಾಲೆ ಬಿಟ್ಟು ಮೂರು ಕಡೆ ಕೆಲಸ ಕಳೆದುಕೊಂಡ ಮೇಲೆ ನನಗೆ ಜಾಗ ಕೊಟ್ಟವರು ಅವರೊಬ್ಬರೇ. ಮರುದಿನ ಪೊಲೀಸರಿಗೆ ಗೊತ್ತಿಲ್ಲ ಎಂದೆ.

13ರಂದು ಮೇಷ್ಟ್ರನ್ನು ಪಾಠ ಮಾಡುತ್ತಿದ್ದ ತರಗತಿಯಿಂದಲೇ ಠಾಣೆಗೆ ಕರೆದೊಯ್ದರೆಂದೂ, 14ರಿಂದ ಕಾಲೇಜಿನವರು ಅವರನ್ನು ಕೆಲಸದಿಂದ ದೂರ ಇಟ್ಟಿದ್ದಾರೆಂದೂ ಗಿರಾಕಿಗಳ ಬಾಯಿಂದ ಕೇಳಿದೆ. ಆಗಲೂ ಸುಮ್ಮನಿದ್ದೆ.

ಮಾರ್ಚ್ 19ರಂದು ಮಧ್ಯಾಹ್ನ 2ಕ್ಕೆ ಊರಾಚೆ ನಾಲ್ಕು ಕಿಲೋಮೀಟರ್ ದೂರದ ಕಸದ ಮೈದಾನಕ್ಕೆ ನಡೆದುಹೋದೆ. ರಟ್ಟಿನ ಚೂರುಗಳಿದ್ದ ಚೀಲ ಸಿಕ್ಕಿತೇ ಎಂದು ಅಲ್ಲಿನ ಕೆಲಸದಾಕೆಯನ್ನು ಕೇಳಿದೆ. ಆಕೆ ಸೊಂಟಕ್ಕೆ ಕೈಯಿಟ್ಟು, ‘ನಿಂಗೂ ಅದೇ ಬೇಕಾ? ಅದರಲ್ಲಿ ಚಿನ್ನ ಏನಾದ್ರೂ ಇಟ್ಟಿದ್ರೇನೇ? ಮೊನ್ನೆ ಒಬ್ಬರು ಕನ್ನಡಕದ ಮೇಷ್ಟ್ರು ಬಂದು ಬೆಳಿಗ್ಗೆಯಿಂದ ಸಂಜೆವರೆಗೂ ಕೆದಕಿದ್ರು. ಊಟಕ್ಕೆ ಕರೆದ್ರೂ ಏಳಲಿಲ್ಲ ಪುಣ್ಯಾತ್ಮ. ರಟ್ಟೆಲ್ಲ ಅವತ್ತವತ್ತೇ ಕಾಗದದ ಕಾರ್ಖಾನೆಗೆ ಹೋಗುತ್ತೆ ಅಂತ ಹೇಳಿದ್ಮೇಲೆ ಕೈ ತೊಳ್ಕೊಂಡು ಹೋದ್ರು’ ಎಂದಳು. ನಾನು ಅಲ್ಲಿ ಸುಮಾರು ಅರ್ಧ ಗಂಟೆ ಕೂತಿದ್ದೆ.

ನಿನ್ನೆ, ಮಾರ್ಚ್ 20ರಂದು, ಬೆಳಿಗ್ಗೆ 9.10ಕ್ಕೆ ಮೇಡಂ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಊಟದ ಮೇಜಿನ ತುಂಬ ಸ್ಲೈಡ್‌ಗಳು ಹರಡಿದ್ದವು. ಭೂತಕನ್ನಡಿ ಹಿಡಿದು ಒಂಬತ್ತು ದಿನ ಕೂತು ಅವರು ಖಚಿತವಾಗಿ ಗುರುತಿಸಿದ್ದು ಅರವತ್ತೊಂದು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ನನಗೆ ಈಗ ಕಣ್ಣು ಸಾಲದು. ಅವನು ಪ್ರತಿ ಬಂಡೆಯ ಮುಂದೂ ಮೊಣಕಾಲೂರಿ ನಾಣ್ಯ ಇಟ್ಟವನು. ಬಿರುಕು ನೋಡಿಯೇ ಇದು ಹದಿನೇಳು, ಇದು ಮೂವತ್ತು ಅಂತ ಹೇಳ್ತಿದ್ದ. ಅವನು ಕೂತ್ರೆ ಎರಡು ತಿಂಗಳಲ್ಲಿ ಎಲ್ಲಾ ಜೋಡಿಸ್ತಾನೆ’ ಎಂದು ಹೇಳಿ ಮೇಷ್ಟ್ರಿಗೆ ತಾವೇ ಫೋನ್ ಮಾಡಿದರು. ಮೂರು ಸಲವೂ ಅವರು ಎತ್ತಲಿಲ್ಲ. ಆಮೇಲೆ ನನ್ನ ಫೋನಿನಿಂದ ಮಾಡಲು ಹೇಳಿದರು. ಮೇಡಂಗೂ ಕೇಳಿಸಲೆಂದು ಸ್ಪೀಕರ್ ಹಾಕಿದೆ.

ಮೇಷ್ಟ್ರು ಎತ್ತಿದರು. ನಾನು ಯಾರೆಂದು ಹೇಳಿ, ತಪ್ಪು ನನ್ನದು, ನಾಳೆ ಠಾಣೆಯಲ್ಲಿ ಬರೆಸುತ್ತೇನೆ ಎಂದೆ. ‘ನಿಂಗೆ ಎರಡು ಸಲ ಹೇಳಿದ್ದೆ, ಅಲ್ವೇನಮ್ಮ?’ ಎಂದರು. ಹೌದು ಸಾರ್ ಎಂದೆ. ಮೇಡಂ ಅಲ್ಲಿದ್ದಾರಾ ಎಂದು ಕೇಳಿದರು. ಇದ್ದಾರೆ, ಬಂಡೆಗಳನ್ನು ಗುರುತಿಸಲು ನಿಮ್ಮನ್ನು ಕರೆಯುತ್ತಿದ್ದಾರೆ ಎಂದೆ. ಅದಕ್ಕೆ ಅವರು, ‘ನನಗೆ ಯಾವ ಬಂಡೆಯೂ ನೆನಪಿಲ್ಲ ಅಂತ ಹೇಳು’ ಎಂದು ಫೋನ್ ಇಟ್ಟರು.

ಮೇಡಂ, ‘ನೆನಪಿದೆ ಅವನಿಗೆ’ ಎಂದರು. ಆಮೇಲೆ ಸ್ಲೈಡ್‌ಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ತುಂಬತೊಡಗಿದರು. ನಾನೂ ತುಂಬಿದೆ. 11ನೇ ತಾರೀಖೇ ನಾನು ಬಾಯಿ ಬಿಟ್ಟಿದ್ದರೆ ಮೇಷ್ಟ್ರು ಅಂದೇ ಬಂದು ಆ ಮೇಜಿನ ಮುಂದೆ ಕೂರುತ್ತಿದ್ದರು. ಚೌಕಟ್ಟು ಕತ್ತರಿಸಿದ್ದಕ್ಕಿಂತ ಆ ಒಂಬತ್ತು ದಿನ ದೊಡ್ಡ ತಪ್ಪು ಎಂಬುದು ನನಗೆ ಅಲ್ಲಿ ತಿಳಿಯಿತು.

ಕಳವಿನ ದೂರಿನಿಂದ ಮೇಷ್ಟ್ರ ಹೆಸರನ್ನು ತೆಗೆಯಬೇಕೆಂದೂ, ಅವರು ನಿರಪರಾಧಿ ಎಂದು ಕಾಲೇಜಿಗೆ ಇಂದೇ ಪತ್ರ ಹೋಗಬೇಕೆಂದೂ ಕೋರುತ್ತೇನೆ. ಅವಸರದಲ್ಲಿ, ತಿಳಿಯದೆ ಆದದ್ದು ಎಂದು ಸೇರಿಸಲೇ ಎಂದು ಹೇಳಿಕೆ ಬರೆದುಕೊಂಡ ರೈಟರ್ ಕೇಳಿದರು. ಅವಸರದಲ್ಲಿ ಎಂಬುದಿರಲಿ, ತಿಳಿಯದೆ ಎಂಬುದು ಬೇಡ ಎಂದೆ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ, ನಾನೂ ಒಮ್ಮೆ ಓದಿದ್ದೇನೆ. ಇದರಲ್ಲಿರುವುದೆಲ್ಲ ನಾನು ಕಂಡದ್ದು, ಕೇಳಿದ್ದು, ಮಾಡಿದ್ದು, ಸತ್ಯ. ಯಾರ ಒತ್ತಾಯವೂ ಇಲ್ಲ. ಮಾವನಿಗೆ ಇನ್ನೂ ತಿಳಿಸಿಲ್ಲ.

ಸ್ಥಳ: ಪೊಲೀಸ್ ಠಾಣೆ, ರೈಟರ್ ಕೊಠಡಿ
ದಿನಾಂಕ: ಮಾರ್ಚ್ 21, ಶನಿವಾರ, ಬೆಳಿಗ್ಗೆ 11.35
(ಸಹಿ)