ಗಾಯದ ಕೈ

ಭಾಂಡುಪ್ ಸ್ಟೇಷನ್ನಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತಿದ್ದ ಧಾರವಾಡದ ಕಡೆಯ ತಾಯಿಯೊಬ್ಬರು, ತೀರಿಹೋದ ಮಗನ ಬ್ಯಾಂಡಿನ ಗೆಳೆಯನನ್ನು ಕೇಳುತ್ತಿದ್ದರು.

“ಅಮಿತ, ಸಂದೇಶನ ಹಾಡಿನ್ಯಾಗ ‘ಗಾಯದ ಕೈ ಬಾಗಿಲ ಬಡೀತು’ ಅಂತ ಬರ್ತದಲ್ಲ, ಅದು ಯೇಸುಸ್ವಾಮಿ ಕೈ ಹೌದಲ್ಲ? ಚರ್ಚ್ ಬಿಟ್ಟಿದ್ರೂ ಅವಗ ನಂಬಿಕಿ ಇತ್ತಲ್ಲ?”

“ಆಂಟಿ, ಅದು ನಿಮ್ಮ ಕೈ ರೀ.”

“ನಂದಾ?”

“ಅವ ಮನಿ ಬಿಟ್ಟು ನನ್ನ ರೂಮಿನ್ಯಾಗ ಇದ್ದಾಗ, ಸುಟ್ಟ ಕೈಗೆ ಪಟ್ಟಿ ಕಟ್ಕೊಂಡು ಬಂದಿದ್ರಲ್ಲ.”

“ಅವತ್ತ ಅವ ಬಾಗಲಾ ತಗೀಲೇ ಇಲ್ಲ.”

“ಒಳಗ ಕುಂತು ಅತ್ತಾನ್ರಿ. ಆಮ್ಯಾಲೆ ಈ ಹಾಡು ಬರದ.”

ಲೋಕಲ್ ರೈಲು ಬಂತು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು.

“ನಾಳೆ ಅವನ ಪ್ರಾರ್ಥನಾಕ್ಕ ಇದನ್ನ ಹಾಡು. ಪಾಸ್ಟರ್ ಅದು ಯೇಸುಸ್ವಾಮಿ ಕೈ ಅಂದ್ರ, ನೀ ಸುಮ್ನಿರು.”

“ಹೂಂರಿ.”

ಆಕೆ ಲೇಡೀಸ್ ಡಬ್ಬಿಯ ಕಡೆ ನಡೆದರು.