ಅಣ್ಣ ಜೋಡಿಸಿದ್ದು

...ಅಲ್ಲ, ತಪ್ಪು ಅಂತ ನಾನೆಲ್ಲಿ ಅಂದೆ? ತಪ್ಪು ಅನ್ನಲೇ ಇಲ್ಲ. ಕೇಳಿದೆ ಅಷ್ಟೇ. ಗೇಮ್ ಆಡೋ ಕಂಪ್ಯೂಟರನ್ನ ರೆಡಿಮೇಡ್ ಶರ್ಟ್ ತಂದ ಹಾಗೆ ಅಂಗಡಿಯಿಂದ ಎತ್ಕೊಂಡು ಬಂದಿದ್ದೀಯಲ್ಲ, ಯಾಕೆ ಪಾಪು? ಅಣ್ಣ ಅಂತ ಒಬ್ಬ ಇದ್ದಾನೆ. ಸತ್ತಿಲ್ಲವಲ್ಲ ಇನ್ನೂ?

ನಗಬೇಡ. ತಮಾಷೆ ಮಾಡ್ತಿಲ್ಲ ನಾನು. ಬೆಳಿಗ್ಗೆ ಅಮ್ಮ ಫೋನ್ ಮಾಡಿ, ಮನೆಗೆ ಇಷ್ಟೆತ್ತರ ಡಬ್ಬ ಬಂದಿದೆ ಕಣೋ, ಒಳಗೆ ಕೆಂಪು ನೀಲಿ ಲೈಟೆಲ್ಲ ಉರೀತಿದೆ, ನಿಂಗೆ ಗೊತ್ತಿಲ್ವಾ ಅಂತ ಕೇಳಿದ್ಲು. ನಂಗೆ ಗೊತ್ತಿಲ್ಲ! ಲಿಫ್ಟಿನ ತಳದ ಗುಂಡೀಲಿ ನಿಂತಿದ್ದೆ ನಾನು, ಮೊಣಕೈ ತನಕ ಗ್ರೀಸು. ಜೊತೆಗಿದ್ದೋನಿಗೆ ಕೆಲಸ ವಹಿಸಿ, ಅರ್ಧ ದಿನ ರಜೆ ಹಾಕಿ, ಊಟಾನೂ ಮಾಡದೆ ಬಂದಿದ್ದೀನಿ. ಬರದೇ ಇರ್ತೀನಾ? ನಮ್ಮ ಮನೆ ಹುಡುಗಿಗೆ ಯಾವನೋ ಟೋಪಿ ಹಾಕಿದ್ದಾನೆ ಅಂತ ಗೊತ್ತಾದ ಮೇಲೆ?

ಹಾಕಿಲ್ಲ ಅಂತ ತಲೆ ಆಡಿಸ್ತೀಯಲ್ಲ, ನಿಂಗೆ ಹೇಗೆ ಗೊತ್ತು? ಬಿಚ್ಚಿ ನೋಡಿದ್ಯಾ? ಈ ಸಿದ್ಧ ಮಾಡಿ ಮಾರೋರ ಬುದ್ಧಿ ನಂಗೆ ಗೊತ್ತು ಕಣೇ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಎರಡೇ ವಿಷಯ ಬರೀತಾರೆ: ಯಾವ ಪ್ರೊಸೆಸರ್, ಯಾವ ಗ್ರಾಫಿಕ್ಸ್ ಕಾರ್ಡ್. ಗಿರಾಕಿ ಕೇಳೋದೂ ಅವೆರಡನ್ನೇ. ಕೇಳದೇ ಇರೋ ಕಡೆಯೆಲ್ಲ ಕತ್ತರಿ ಆಡಿಸ್ತಾರೆ. ಪವರ್ ಸಪ್ಲೈ ತಗೋ, ಹೆಸರೇ ಕೇಳಿರದ ಕಂಪನೀದು. ಮೆಮೊರಿ ಎರಡು ಹಾಕೋ ಕಡೆ ಒಂದು. ಮದರ್‌ಬೋರ್ಡು ಅವರದೇ ಅಳತೇದು, ನಾಳೆ ಕೆಟ್ರೆ ಹೊರಗಿನದು ಕೂರಲ್ಲ, ಮತ್ತೆ ಅವರ ಬಾಗಿಲಿಗೇ ಹೋಗಿ ನಿಲ್ಲಬೇಕು. ನಾವೇ ಒಂದೊಂದೇ ಆರಿಸಿ ತಂದು ಜೋಡಿಸಿದ್ರೆ ಹಾಗಲ್ಲ. ಪ್ರತಿಯೊಂದು ಸ್ಕ್ರೂ ಎಲ್ಲಿಂದ ಬಂತು ಅಂತ ಗೊತ್ತಿರುತ್ತೆ. ಅದಕ್ಕಿಂತ ನೆಮ್ಮದಿ ಇನ್ನೇನು ಬೇಕು ಹೇಳು.

 

ಯಾರು ತಲೆ ತುಂಬಿದ್ದು ನಿಂಗೆ? ಕನ್ನಡಕದ ಅಂಗಡೀಲಿ ನಿನ್ನ ಪಕ್ಕದ ಮೆಷೀನಲ್ಲಿ ಗಾಜು ಉಜ್ತಾನಲ್ಲ, ಆ ಗಡ್ಡದೋನಾ? ಅಲ್ವಾ? ನಿನ್ನ ಅತ್ತಿಗೇನಾ? ಅವಳು ಏನಾದ್ರೂ ಅಂದ್ಲಾ, ‘ನಿಮ್ಮಣ್ಣಂಗೆ ಪುರುಸೊತ್ತಿಲ್ಲ, ಅಂಗಡಿಯಿಂದಲೇ ತಗೋ’ ಅಂತ? ಅವಳಿಗೆ ಆ ಅಭ್ಯಾಸ ಇದೆ. ಅವಳೂ ಅಲ್ಲ. ಹಾಗಾದ್ರೆ ನೀನಾಗಿ ನೀನೇ ಹೋಗಿ ತಂದ್ಯಾ? ನಂಬೋ ಮಾತಾ ಇದು? ಚಿಕ್ಕೋಳಿದ್ದಾಗ ಪೆನ್ಸಿಲ್ ಚೂಪು ಮಾಡೋಕೂ ನನ್ನ ಹತ್ರಾನೇ ಬರ್ತಿದ್ದೋಳು ನೀನು.

ಚಿಕ್ಕಪ್ಪನ ಮನೆ ಕಂಪ್ಯೂಟರ್ ಯಾರು ಜೋಡಿಸಿದ್ದು? ನಾನು. ಅತ್ತೆ ಮಗನದು? ನಾನು. ಕೆಳಗಿನ ಮನೆ ಮೇಷ್ಟ್ರದು ಇವತ್ತಿಗೂ ಗುಂಯ್ ಅಂತ ಓಡ್ತಿದೆ. ನಿಂದೂ ನಾನೇ ಜೋಡಿಸಿದ್ದು, ಏಳು ವರ್ಷದ ಹಿಂದೆ. ಮನೆಗೆ ಯಾರೇ ಬರಲಿ, ಅಪ್ಪ ಕೈ ಹಿಡಿದು ಈ ರೂಮಿಗೇ ಕರ್ಕೊಂಡು ಬರೋರು. ಮಗ ಜೋಡಿಸಿದ್ದು, ಮಗಳು ಆಡೋದು ಅನ್ನೋರು. ಬಂದೋರಿಗೆ ಏನೂ ಅರ್ಥ ಆಗ್ತಿರಲಿಲ್ಲ, ಆದ್ರೂ ಬಿಡ್ತಿರಲಿಲ್ಲ. ನಾನು ನೋಡಿ ಸಹಿ ಹಾಕಿದ ಲಿಫ್ಟಲ್ಲಿ ದಿನಾ ನೂರಾರು ಜನ ಹತ್ತಿ ಇಳೀತಾರೆ, ಗೊತ್ತಾ? ಯಾರೊಬ್ಬರೂ ಹತ್ತೋ ಮುಂಚೆ ನನ್ನನ್ನ ಅನುಮಾನಿಸಿಲ್ಲ. ನೀನೊಬ್ಬಳೇ.

ಇರಲಿ. ಬಂದಿದ್ದೀನಿ, ನೋಡಿಬಿಡ್ತೀನಿ. ಸ್ಕ್ರೂಡ್ರೈವರ್ ಜೇಬಲ್ಲೇ ಇದೆ. ಹಿಂದುಗಡೆ ಎರಡು ಸ್ಕ್ರೂ, ಪಕ್ಕದ ಬಾಗಿಲು ಸರಿಸಿದ್ರೆ ಆಯ್ತು... ಕೈ ತೆಗಿ.

ಕೈ ತೆಗಿಯೇ. ಏನಿದು, ಡಬ್ಬದ ಮೇಲೆ ಹಾಗೆ ಕೈ ಇಟ್ಕೊಂಡು ನಿಂತ್ರೆ? ನಾನೇನು ಕಚ್ತೀನಾ ಅದನ್ನ? ಸೀಲು ಹರಿಯುತ್ತೆ, ವಾರಂಟಿ ಹೋಗುತ್ತೆ ಅಂತಾನಾ? ಅದನ್ನೇ ಹೇಳೋದು ನಾನು, ಆ ಸೀಲನ್ನ ತೋರಿಸಿ ತೋರಿಸೀನೇ ಅವರು ಹೆದರಿಸೋದು. ಬಿಚ್ಚಬೇಡಿ, ಬಿಚ್ಚಬೇಡಿ. ಯಾಕೆ ಬಿಚ್ಚಬಾರದು? ಒಳಗಿರೋದು ಹಳೇದಾದ್ರೆ ಗೊತ್ತಾಗಿಬಿಡುತ್ತಲ್ಲ, ಅದಕ್ಕೆ.

ಹೂಂ, ಹಳೇದು. ಏನು ಹುಬ್ಬು ಏರಿಸ್ತೀಯ? ನಿಂಗೆ ಗೊತ್ತಿಲ್ಲ ಇವರ ಕೈಚಳಕ. ಗೇಮ್ ಮಷೀನಿಗೆ ಜೀವ ಅಂದ್ರೆ ಕಾರ್ಡು. ಅದಕ್ಕೇ ಎಲ್ಲರ ಕಣ್ಣೂ ಅದರ ಮೇಲೆ. ಯಾವುದೋ ಮುಚ್ಚಿಹೋದ ಗೇಮ್ ಸೆಂಟರಿಂದ, ಬೆಳಿಗ್ಗೆಯಿಂದ ಸಂಜೆ ತನಕ ದುಡಿದು ಸುಸ್ತಾದ ಕಾರ್ಡು ತರ್ತಾರೆ. ಫ್ಯಾನಿನ ರೆಕ್ಕೆ ಮೇಲಿನ ಧೂಳನ್ನ ಪೇಂಟ್ ಬ್ರಶ್ಶಲ್ಲಿ ತೆಗೀತಾರೆ, ಒಂದೊಂದೇ ರೆಕ್ಕೆ, ನಿಧಾನಕ್ಕೆ. ಬೋರ್ಡಿಗೆ ಸಿಗಿಸೋ ಕಡೆ ಚಿನ್ನದ ಬಣ್ಣದ ಹಲ್ಲಿರುತ್ತಲ್ಲ, ಅಲ್ಲಿ ಹಾಕಿ ತೆಗೆದ ಗೀರು ಬಿದ್ದಿರುತ್ತೆ. ಅದನ್ನ ಪೆನ್ಸಿಲ್ ಅಳಿಸೋ ರಬ್ಬರಿಂದ ಉಜ್ಜಬೇಕು. ಒಂದೇ ದಿಕ್ಕಿಗೆ ಉಜ್ಜಬೇಕು, ಹಿಂದೆ ಮುಂದೆ ಉಜ್ಜಿದ್ರೆ ಬಣ್ಣ ಮಾಸುತ್ತೆ. ಆಮೇಲೆ ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಾಕಿ ಒರೆಸಿ, ಹೊಸದರ ಕವರೊಳಗೆ ಸೇರಿಸಿದ್ರೆ ಮುಗೀತು. ಅಪ್ಪನಂಥ ಅಪ್ಪಂಗೂ ಗೊತ್ತಾಗಲ್ಲ. ಬದಲಾಯಿಸೋಕಾಗದೇ ಇರೋದು ಒಂದೇ, ನಂಬರು. ಕಾರ್ಡಿನ ಬೆನ್ನ ಮೇಲಿರೋ ನಂಬರೇ ಅದರ ಡಬ್ಬದ ಮೇಲೂ ಇರಬೇಕು. ಸಿಕ್ಕಿಹಾಕ್ಕೊಳ್ಳೋದು ಅಲ್ಲೇ. ಆದ್ರೆ ಯಾರು ತಾಳೆ ನೋಡ್ತಾರೆ? ಯಾರೂ ನೋಡಲ್ಲ...

ಯಾಕೆ ಹಾಗೆ ನೋಡ್ತೀಯ?

ನಂಗೆ ಹೇಗೆ ಗೊತ್ತು ಅಂತಾನಾ? ಎಲ್ಲರಿಗೂ ಗೊತ್ತಿರೋದೇ ಕಣೇ. ಅವರೂ ಇವರೂ ಹೇಳಿದ್ದು ಕಿವಿಗೆ ಬಿದ್ದಿರುತ್ತೆ. ಈ ರೂಮಲ್ಲಿ ಸೆಕೆ ಜಾಸ್ತಿ ಅಲ್ವಾ? ಕಿಟಕಿ ತೆಗಿ ಸ್ವಲ್ಪ. ಬೇಡ, ಬಿಡು, ನಾನೇ ತೆಗೀತೀನಿ.

ಅದಿರಲಿ, ಆ ಹಳೇ ಮಷೀನು ಏನು ಮಾಡಿದೆ? ಓ, ಮೂಲೇಲಿ, ದುಪಟ್ಟ ಹೊದಿಸಿ ಇಟ್ಟಿದ್ದೀಯ. ಪಾಪ. ಅದನ್ನ ನಾನು ಇವತ್ತೇ ತಗೊಂಡು ಹೋಗ್ತೀನಿ. ನಿಂಗೆ ಜಾಗ ಆಗುತ್ತೆ. ಏನಕ್ಕೆ ಅಂದ್ರೆ... ನಮ್ಮ ಆಫೀಸಲ್ಲಿ ಒಬ್ಬರು ಕೇಳ್ತಿದ್ರು. ಅಂಗಡಿಗೆ ಗಿಂಗಡಿಗೆ ಕೊಡಬೇಡ ಮಾತ್ರ. ಅವರು ನಿನ್ನ ಮುಂದೇನೇ ಬಿಚ್ಚಿ, ಅದು ಸರಿ ಇಲ್ಲ ಇದು ಸರಿ ಇಲ್ಲ ಅಂತ ಏನೇನೋ ಕತೆ ಕಟ್ತಾರೆ. ನೀನು ಕೇಳ್ಕೊಂಡು ಬರ್ತೀಯ. ಆಮೇಲೆ ಅಣ್ಣನ ಮೇಲೆ ಇಲ್ಲಸಲ್ಲದ ಅನುಮಾನ.

ಕೊಟ್ಟಿಲ್ಲ ತಾನೇ? ಯಾರಿಗೂ ತೋರಿಸಿಲ್ಲ ತಾನೇ?

ಏನಾದ್ರೂ ಮಾತಾಡೇ. ಬಂದಾಗಿಂದ ನಾನೊಬ್ಬನೇ ಬಡ್ಕೊಳ್ತಿದ್ದೀನಿ. ಎಲ್ಲಿಗೆ ಹೊರಟೆ ಈಗ? ಸ್ಟೂಲ್ ಯಾಕೆ? ಬೀಳ್ತೀಯ, ಇಳಿ, ಅಟ್ಟದಿಂದ ಏನು ಬೇಕೋ ಹೇಳು, ನಾನು ತೆಗೆದುಕೊಡ್ತೀನಿ. ...ಏನದು? ಖಾಲಿ ಡಬ್ಬ. ನಂಗ್ಯಾಕೆ ಕೊಡ್ತೀಯ ಇದನ್ನ?

ಇದು... ಕಾರ್ಡಿನ ಡಬ್ಬ. ಆಗಿಂದು. ಇನ್ನೂ ಇಟ್ಕೊಂಡಿದ್ದೀಯಾ?

ಹೂಂ, ಕಾಣಿಸ್ತಿದೆ, ತೋರಿಸಬೇಡ. ಅಚ್ಚಾಗಿರೋ ನಂಬರು. ಅದರ ಕೆಳಗೆ ಪೆನ್ನಲ್ಲಿ ಇನ್ನೊಂದು ನಂಬರು. ನಿನ್ನ ಅಕ್ಷರ. ‘ಒಳಗಿರೋದು’ ಅಂತ ಬರೆದಿದ್ದೀಯ.

ಎರಡೂ ಬೇರೆ.

ನೋಡು, ಅದು... ಕಂಪನಿಯೋರೂ ಒಂದೊಂದ್ಸಲ ತಪ್ಪು ಮಾಡ್ತಾರೆ. ಡಬ್ಬ ಅದಲು ಬದಲು ಆಗಿರುತ್ತೆ. ಅಂಗಡಿಯೋನೇ ಮಾಡಿರಬಹುದು. ಆಗಲೇ ನಂಗೆ ಅವನ ಮುಖ ನೋಡಿ ಅನುಮಾನ ಇತ್ತು...

ಸರಿ. ಅವನಲ್ಲ.

ಹಾಗೆ ನೋಡಬೇಡ ಕಣೇ. ಅವನಲ್ಲ ಅಂದೆನಲ್ಲ. ನಾನೇ. ಗೇಮ್ ಸೆಂಟರಿಂದ ತಂದಿದ್ದು ನನ್ನ ಕಾರ್ಡು. ಅಪ್ಪ ನಿಂಗೆ ಅಂತ ಕೊಡಿಸಿದ ಹೊಸದು ಕೈಗೆ ಬಂತು. ಬಾಗಿಲು ಹಾಕ್ಕೊಂಡು ಜೋಡಿಸ್ತಿದ್ದೆ, ಸುಮ್ನೆ ಒಂದ್ಸಲ ನನ್ನ ಮಷೀನಿಗೆ ಹಾಕಿ ನೋಡೋಣ ಅಂತ ಹಾಕಿದೆ, ನನ್ನ ಹಳೇದನ್ನ ನಿಂದಕ್ಕೆ ಸಿಗಿಸಿದೆ. ದೇವರಾಣೆ, ಒಂದು ತಿಂಗಳು ಇಟ್ಕೊಂಡು ವಾಪಸ್ ಹಾಕೋದು ಅಂತಾನೇ ಇದ್ದೆ. ತೆಗೆಯೋಕೆ ಮನಸ್ಸೇ ಬರಲಿಲ್ಲ. ಹದಿನೇಳು ವರ್ಷದ ಹುಡುಗಿ, ಆಟ ಆಡ್ತಾಳೆ, ಇವಳಿಗೇನು ವ್ಯತ್ಯಾಸ ಗೊತ್ತಾಗುತ್ತೆ ಅಂದ್ಕೊಂಡೆ. ಹೊಟ್ಟೆಕಿಚ್ಚೂ ಇತ್ತು ಕಣೇ. ನಂಗೆ ಅಪ್ಪ ಯಾವತ್ತೂ ಒಂದು ಹೊಸದು ಕೊಡಿಸಿರಲಿಲ್ಲ. ನಿಂಗೆ ಕೇಳೋ ಮುಂಚೆ ಬಂತು.

ಯಾವಾಗ ನೋಡಿದೆ ಇದನ್ನ? ಈಗ, ಹೊಸದು ಕೊಳ್ಳೋ ಮುಂಚೆ ತಾನೇ? ಅದಕ್ಕೇ ನನ್ನ ಕೇಳದೆ ಅಂಗಡಿಗೆ ಹೋದೆ. ಅರ್ಥ ಆಯ್ತು, ನಾನು ಒಪ್ಕೊಳ್ತೀನಿ...

ಕೆಳಗೇನು? ತಾರೀಖು ಹಾಕಿದ್ದೀಯಾ? ಬೆಳಕಿಗೆ ಹಿಡೀತೀನಿ ಇರು. ಹತ್ತೊಂಬತ್ತು...

ಏಳು ವರ್ಷದ ಹಿಂದಿನ ತಾರೀಖು ಇದು.

ಇಪ್ಪತ್ತಕ್ಕಲ್ವಾ ನಿನ್ನ ಆನ್‌ಲೈನ್ ಗೇಮ್ ತಂಡದ ಆಯ್ಕೆ ಪಂದ್ಯ ಇದ್ದಿದ್ದು? ಐದು ಜನರ ತಂಡಕ್ಕೆ ಆರು ಜನ ಉಳಿದಿದ್ರಿ. ಒಬ್ಬರು ಹೊರಗೆ ಹೋಗಬೇಕಿತ್ತು. ಹಿಂದಿನ ದಿನಾನೇ ನೋಡಿದ್ಯಾ? ನೋಡಿ, ಬರೆದಿಟ್ಟು, ಮಾರನೇ ದಿನ ಅದೇ ಮಷೀನಿನ ಮುಂದೆ ಕೂತ್ಯಾ?

ಮೂರು ಸಲ ಪರದೆ ನಿಂತುಹೋಯ್ತು. ನಾನು ನಿನ್ನ ಕುರ್ಚಿ ಹಿಂದೇನೇ ಇದ್ದೆ. ಏನಾಗ್ತಿದೆ ಅಂತ ನಂಗೊಬ್ಬನಿಗೇ ಗೊತ್ತು ಅಂದ್ಕೊಂಡಿದ್ದೆ. ಅಪ್ಪ ಕೇಳಿದ್ರು, ಮಷೀನಲ್ಲೇನಾದ್ರೂ ತೊಂದರೆನೇನೋ ಅಂತ. ಅಮ್ಮ ಇಲ್ಲೇ ಬಾಗಿಲ ಹತ್ರ ನಿಂತಿದ್ಲು. ನಾನಂದೆ, ‘ಮಷೀನು ಸರಿಯಾಗಿದೆಯಪ್ಪ. ಇವಳ ಕೈ ನಿಧಾನ.’

ಅಪ್ಪ ನಿನ್ನ ಕಡೆ ತಿರುಗಿದ್ರು. ನೀನು ಹೂಂ ಅಂದೆ.

ಎಲ್ಲ ಗೊತ್ತಿದ್ದೂ ಹೂಂ ಅಂದೆ. ಕನ್ನಡಕದ ಗಾಜನ್ನ ಕೂದಲೆಳೆಯಷ್ಟೂ ಆಚೀಚೆ ಆಗದ ಹಾಗೆ ಕತ್ತರಿಸ್ತೀಯ. ಆ ಕೈಯನ್ನ ನಿಧಾನ ಅಂದೆ ನಾನು. ಅಪ್ಪ ಅದನ್ನೇ ನಂಬ್ಕೊಂಡು ಹೋಗಿಬಿಟ್ರು ಕಣೇ. ಆಸ್ಪತ್ರೇಲೂ ಅಂದಿದ್ರು, ಪಾಪು ಇನ್ನೂ ಸ್ವಲ್ಪ ಚುರುಕಾಗಿದ್ದಿದ್ರೆ ತಂಡಕ್ಕೆ ಸೇರ್ತಿದ್ಲು ಅಂತ. ನಾನು ಮಂಚದ ಪಕ್ಕ ಕೂತು ಕೇಳ್ಕೊಂಡೆ.

ಬೈಯೇ ಒಂದ್ಸಲ. ಏನಾದ್ರೂ ಅನ್ನು. ಡಬ್ಬ ನನ್ನ ಕೈಲಿ ಕೊಟ್ಟು ಹೀಗೆ ನಿಂತ್ರೆ ನಾನೇನು ಮಾಡ್ಲಿ?

ಅಮ್ಮ ಕರೀತಿದ್ದಾಳೆ ಅಡುಗೆ ಮನೆಯಿಂದ. ‘ಹಾಂ ಅಮ್ಮಾ? ಹೂಂ, ನೋಡಿದೆ. ಚೆನ್ನಾಗಿದೆ. ಅಂಗಡಿಯೋನು ಮೋಸ ಮಾಡಿಲ್ಲ.’

...ಸಾಲಲಿಲ್ಲ, ಅಲ್ವಾ? ನಂಗೂ ಗೊತ್ತು ಸಾಲಲಿಲ್ಲ ಅಂತ. ಅವಳೂ ಇವತ್ತಿನ ತನಕ ಹಾಗೇ ಅಂದ್ಕೊಂಡಿದ್ದಾಳೆ ನಿನ್ನ ಬಗ್ಗೆ.

‘ಅಮ್ಮಾ, ಒಲೆ ಆರಿಸಿ ಸ್ವಲ್ಪ ಇಲ್ಲಿಗೆ ಬಾ.’