ರಾತ್ರಿ ಒಂಬತ್ತರ ಚೌಕ

ಅಧ್ಯಕ್ಷ ಸ್ಥಾನದಲ್ಲಿರುವ ಹರ್ಷದಾತಾಯಿಯವರೇ, ಕೊಲ್ಹಾಪುರದಿಂದ ಬಿಡುವು ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿ, ಸಾಫ್ಟ್‌ವೇರ್ ಎಂಜಿನಿಯರ್ ಸೌರಭ ಅವರೇ, ಇಚಲಕರಂಜಿಯ ಈ ಜೈನ ಶ್ರಾವಿಕಾ ಮಂಡಳದ ಅಕ್ಕತಂಗಿಯರೇ, ಅವರನ್ನು ಕರೆತಂದು ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತ ಕುಳಿತಿರುವ ಗಂಡಸರೇ, ಸಭಿಕರೇ,

ವಾರ್ಷಿಕೋತ್ಸವದಲ್ಲಿ 'ಮನೆಯಲ್ಲಿ ಕಂಪ್ಯೂಟರ್' ಎಂಬ ವಿಷಯದ ಮೇಲೆ ಮಾತಾಡಬೇಕೆಂದು ಹರ್ಷದಾತಾಯಿ ಫೋನ್ ಮಾಡಿದಾಗ ನಾನು ಹಿಂಜರಿದೆ. "ನಾ ಕಂಪ್ಯೂಟರ್ ಕಲ್ತಾಕಿ ಅಲ್ರಿ. ಕನ್ನಡ ಎಂ.ಎ. ಮಾಡೇನಿ, ಕವಿತಾ ಓದಕೋತ ಕೂಡಾಕಿ" ಎಂದೆ. "ಅದಕ್ಕ ನೀವ ಬೇಕ್ರಿ" ಎಂದರು ಅವರು. "ಕಲ್ತಾರು ಮಾತಾಡಿದ್ರ ನಮಗ ಒಂದೂ ತಿಳ್ಯಾಂಗಿಲ್ಲ." ಸೌರಭ ಅವರು ಕ್ಷಮಿಸಬೇಕು, ಇದು ಅಧ್ಯಕ್ಷರ ಅಭಿಪ್ರಾಯ.

ಗಡಹಿಂಗ್ಲಜದ ನಮ್ಮ ಮನೆಗೆ ಕಂಪ್ಯೂಟರ್ ಬಂದು ಹದಿನಾರು ವರ್ಷವಾಯಿತು. ಅದರೊಂದಿಗೆ ನನಗೆ ಜಗಳವಿಲ್ಲ. ಜಗಳವಿರುವುದು ಅದರೊಳಗೆ ಕಾಣದೆ ಕುಳಿತಿರುವ ಕಂಪನಿಗಳೊಂದಿಗೆ. ಹೊಸ ಆವೃತ್ತಿ ಬಂದಿದೆ, ಈಗಲೇ ಹಾಕಲೇ, ಆಮೇಲೆ ಹಾಕಲೇ ಎಂದು ಕೇಳುತ್ತಾರೆ. 'ಬೇಡ' ಎನ್ನಲು ಒಂದು ಗುಂಡಿಯನ್ನು ಯಾರೂ ಯಾಕೆ ಮಾಡಲಿಲ್ಲ? ಬಾಗಿಲಿಗೆ ಬಂದ ಸೀರೆ ಮಾರುವವನು ಕೂಡ ಬೇಡವೆಂದರೆ ಗಂಟು ಕಟ್ಟಿಕೊಂಡು ಮುಂದಿನ ಮನೆಗೆ ಹೋಗುತ್ತಾನೆ. ಇವರು ಹೋಗುವುದಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಹತ್ತು ವರ್ಷ ಒಂದೇ ಜಾಗದಲ್ಲಿದ್ದ ಗುಂಡಿ ಎಲ್ಲೋ ಅವಿತುಕೊಂಡಿರುತ್ತದೆ. ನಾನಿಲ್ಲದಾಗ ಯಾರೋ ನನ್ನ ಅಡುಗೆಮನೆಗೆ ಬಂದು, ಸಾಸಿವೆ ಡಬ್ಬಿಯನ್ನು ಅಟ್ಟದ ಮೇಲಿಟ್ಟು, 'ನಿಮ್ಮ ಅನುಕೂಲಕ್ಕಾಗಿ' ಎಂದು ಚೀಟಿ ಅಂಟಿಸಿ ಹೋದ ಹಾಗೆ. ನನ್ನನ್ನು ಕೇಳದೆ ನನ್ನ ಅನುಕೂಲ ಇವರಿಗೆ ಹೇಗೆ ತಿಳಿಯಿತು? ಸೌರಭ ಅವರು ನಗುತ್ತಿದ್ದಾರೆ. ನಗಿರಿ, ನಿಮ್ಮ ಮೇಲಿನ ಸಿಟ್ಟು ಇನ್ನು ಸ್ವಲ್ಪ ಹೊತ್ತು ಮಾತ್ರ.

ದಶಲಕ್ಷಣ ಪರ್ವ ಮುಗಿದ ಮೇಲೆ ಬರುವ ಕ್ಷಮಾವಣಿ ನಿಮಗೆಲ್ಲ ಗೊತ್ತಿದೆ. ನಾವು ಚಿಕ್ಕವರಿದ್ದಾಗ ಅವ್ವ ಅಕ್ಕನನ್ನೂ ನನ್ನನ್ನೂ ಮನೆಮನೆಗೆ ಕರೆದೊಯ್ಯುತ್ತಿದ್ದಳು. ವರ್ಷದಲ್ಲಿ ಯಾರ ಮನಸ್ಸು ನೋಯಿಸಿದ್ದೇವೋ ಅವರ ಎದುರು ನಿಂತು, ಕೈಮುಗಿದು ಕ್ಷಮೆ ಕೇಳಬೇಕು. ಈಗ ನಾನು ಕಂಪ್ಯೂಟರಿನ ಮುಂದೆ ಕುಳಿತು, ಕಮಲದ ಚಿತ್ರವಿರುವ ಸಂದೇಶ ಆರಿಸಿ, 'ಎಲ್ಲರನ್ನೂ ಆಯ್ಕೆ ಮಾಡು' ಒತ್ತಿ, ಇನ್ನೂರ ಹದಿನಾಲ್ಕು ಜನರಲ್ಲಿ ಒಂದೇ ಏಟಿಗೆ ಕ್ಷಮೆ ಕೇಳುತ್ತೇನೆ. ಗ್ಯಾಸ್ ಏಜೆನ್ಸಿಯವನಲ್ಲೂ ಕೇಳಿದ್ದೇನೆ. ಪಾಪ, ಅವನು 'ಸಿಲಿಂಡರ್ ಬುಧವಾರ' ಎಂದು ಉತ್ತರ ಬರೆದ.

ಈ ವರ್ಷ ಕಳಿಸಿದ ಮೇಲೆ ಪಟ್ಟಿಯಲ್ಲಿ ಒಂದು ಹೆಸರು ಕಂಡಿತು. ನನ್ನ ಅಕ್ಕ, ದತ್ತವಾಡದ ರತ್ನಮಾಲಾ. ಏಳು ವರ್ಷದಿಂದ ನಾವು ಮಾತಾಡಿರಲಿಲ್ಲ. ಪ್ರತಿ ವರ್ಷ ಕಳಿಸುವ ಮುನ್ನ ಅವಳ ಹೆಸರಿನ ಮುಂದಿನ ಗುರುತು ತೆಗೆಯುತ್ತಿದ್ದೆ. ನಿಮ್ಮ ಮುಂದೆ ಇದನ್ನು ಹೇಳಲು ನಾಚಿಕೆಯಾಗುತ್ತದೆ. ಈ ಸಲ ಮರೆತಿದ್ದೆ. ಗಾಬರಿಯಾಗಿ 'ಇಬ್ಬರ ಕಡೆಯೂ ಅಳಿಸು' ಒತ್ತಿದೆ.

ಸಂದೇಶ ಅಳಿಯಿತು. ಆದರೆ ಅದರ ಜಾಗದಲ್ಲಿ 'ಈ ಸಂದೇಶವನ್ನು ಅಳಿಸಲಾಗಿದೆ' ಎಂಬ ಸಾಲು ಬಂದು ಕುಳಿತಿತು. ಇದು ಯಾವ ಬಗೆಯ ಅಳಿಸುವಿಕೆ? ಹತ್ತು ನಿಮಿಷದಲ್ಲಿ ಫೋನ್ ಬಂತು.

"ಏನ ಬರ್ದು ಅಳಿಸಿದಿ?" ಏಳು ವರ್ಷದ ಮೇಲೆ ಅಕ್ಕನ ಮೊದಲ ಮಾತು ಅದು.

"ಏನಿಲ್ಲಕ್ಕಾ. ಕ್ಷಮಾವಣಿದು. ಎಲ್ಲಾರಿಗೂ ಕಳಸೂದು... ತಪ್ಪಿ ನಿನಗೂ ಬಂತು."

"ತಪ್ಪಿ ಬಂತು" ಎಂದಳು ಅಕ್ಕ. "ನಾ ಬ್ಯಾರೆ ತಿಳಕೊಂಡಿದ್ದೆ, ತಂಗೆವ್ವಾ."

ಇಲ್ಲಿ ನಾನು ಏಳು ವರ್ಷ ಹಿಂದೆ ಹೋಗಬೇಕು. ಅವ್ವ ಕೊನೆಯ ಎರಡು ವರ್ಷ ಅಕ್ಕನ ಮನೆಯಲ್ಲಿದ್ದಳು. ಹೃದಯದ ತೊಂದರೆ. ಕೊಲ್ಹಾಪುರದ ಡಾಕ್ಟರು ದಿನಕ್ಕೆ ಮೂರು ಗುಳಿಗೆ ಬರೆದುಕೊಟ್ಟಿದ್ದರು. ನಾನು ಕಂಪ್ಯೂಟರಿನಲ್ಲಿ ಒಂದು ಚಂದದ ಪಟ್ಟಿ ಮಾಡಿದೆ. ಎಡಗಡೆ ಮೇಲಿಂದ ಕೆಳಗೆ ತಾರೀಖುಗಳು, ಮೇಲಿನ ಸಾಲಿನಲ್ಲಿ ನೀಲಿ ಬಣ್ಣದಲ್ಲಿ ಬೆಳಿಗ್ಗೆ ಎಂಟು, ಮಧ್ಯಾಹ್ನ ಒಂದು, ರಾತ್ರಿ ಒಂಬತ್ತು. ಗುಳಿಗೆ ಕೊಟ್ಟ ಕೂಡಲೇ ಆ ಚೌಕದಲ್ಲಿ ರೈಟ್ ಹಾಕಬೇಕು. ತಿಂಗಳಿಗೊಂದು ಹಾಳೆ ಮುದ್ರಿಸಿ ಕಳಿಸುತ್ತಿದ್ದೆ, ಅಕ್ಕ ಅದನ್ನು ಅಡುಗೆಮನೆಯ ಮೊಳೆಗೆ ಸಿಕ್ಕಿಸುತ್ತಿದ್ದಳು.

ಒಂದು ಮುಂಜಾನೆ ಅವ್ವ ಹೋದಳು. ನಾನು ದತ್ತವಾಡ ಮುಟ್ಟಿ, ನೀರು ಕುಡಿಯಲು ಒಳಗೆ ಹೋದಾಗ ಆ ಹಾಳೆ ಕಂಡಿತು. ರಾತ್ರಿ ಒಂಬತ್ತರ ಚೌಕಗಳು ಮೇಲಿಂದ ಕೆಳಗಿನ ತನಕ ಖಾಲಿ. ಹಾಳೆ ಕಿತ್ತುಕೊಂಡು ಅಂಗಳಕ್ಕೆ ಬಂದೆ. ಸುತ್ತಲಿನ ಊರುಗಳಿಂದ ಸೇರಿದ್ದ ಹೆಂಗಸರೆಲ್ಲರ ಮುಂದೆ ಅದನ್ನು ಹಿಡಿದು, "ರಾತ್ರಿ ಗುಳಿಗಿ ಒಂದ ದಿನಾನೂ ಕೊಟ್ಟಿಲ್ಲಲ್ಲ ಅಕ್ಕಾ! ಕೊಟ್ಟಿದ್ರ ಅವ್ವ ಇರತಿದ್ಲು" ಎಂದೆ. ಅಕ್ಕ ಬಾಯಿ ಬಿಡಲಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡೆ.

ಈ ವರ್ಷ ಫೋನಿನಲ್ಲಿ ಅವಳು ಕೇಳಿದಳು: "ಒಂದ ಮಾತ ಹೇಳು. ಹೊತ್ತ ಮುಳುಗಿದ ಮ್ಯಾಲ ಅವ್ವ ನೀರರೆ ಮುಟ್ಟತಿದ್ಲೇನು?"

ಮುಟ್ಟುತ್ತಿರಲಿಲ್ಲ, ಸಭಿಕರೇ. ಹೊತ್ತು ಮುಳುಗಿದ ಮೇಲೆ ಏನನ್ನೂ ಬಾಯಿಗಿಡದ ನೇಮ ಅವ್ವನದು.

"ಐದೂವರಿಗೆ ಊಟದ ಕೂಡ ಕೊಡತಿದ್ದೆ. ಡಾಕ್ಟರಿಗೂ ಕೇಳಿದ್ದೆ, ನಡೀತೈತಿ ಅಂದಿದ್ರು. ನಿನ್ನ ಕಾಗದದಾಗ ಐದೂವರಿ ಎಲ್ಲಿತ್ತು? ಒಂಬತ್ತರಾಗ ರೈಟ್ ಹಾಕಿದ್ರ ಸುಳ್ಳ ಆಗತಿತ್ತು. ಹಾಕಲಿಲ್ಲ."

"ಆವತ್ತ ಯಾಕ ಹೇಳಲಿಲ್ಲಕ್ಕಾ?"

"ಅವ್ವನ್ನ ಅಂಗಳದಾಗ ಮಲಗಿಸಿ, ಕಾಗದದ ವಾದಾ ಮಾಡ್ಲೇನ?"

ಅವ್ವನ ನೇಮ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸಂಜೆಯ ಬೆಳಕಿನಲ್ಲಿ ಅವ್ವನ ತಟ್ಟೆಯ ಪಕ್ಕದಲ್ಲಿ ಉಂಡು ಬೆಳೆದವಳು ನಾನು. ಆದರೆ ಗಡಹಿಂಗ್ಲಜದ ನನ್ನ ಮನೆಯಲ್ಲಿ ಈಗ ಊಟ ರಾತ್ರಿ ಒಂಬತ್ತಕ್ಕೆ. ಮಂಡಳದ ಹಿರಿಯರು ಬೇಕಾದರೆ ಬೈಯಬಹುದು. ಡಾಕ್ಟರು 'ರಾತ್ರಿ' ಎಂದು ಬರೆದರು, ನಾನು ನನ್ನ ಮನೆಯ ರಾತ್ರಿಯನ್ನು ಅವ್ವನ ಪಟ್ಟಿಗೆ ಹಾಕಿದೆ. ಅಕ್ಕನನ್ನು ಒಂದು ಮಾತೂ ಕೇಳಲಿಲ್ಲ. 'ಬೇರೆ ಹೊತ್ತಿಗೆ ಕೊಟ್ಟೆ' ಎಂದು ಬರೆಯಲು ಒಂದು ಬೆರಳಿನಷ್ಟು ಜಾಗ ಬಿಡಲಿಲ್ಲ. ಆಮೇಲೆ ಖಾಲಿ ಚೌಕ ಕಂಡು ಅವಳನ್ನೇ ತಪ್ಪಿತಸ್ಥೆ ಮಾಡಿದೆ. ಕವಿತೆಯಲ್ಲಿ ಸಾಲುಗಳ ನಡುವೆ ಬಿಟ್ಟ ಜಾಗ ಕಂಡರೆ ಅರ್ಧ ಗಂಟೆ ನಿಂತು ಯೋಚಿಸುವ ನಾನು, ಆ ಚೌಕಗಳ ಮುಂದೆ ಅರ್ಧ ನಿಮಿಷ ನಿಲ್ಲಲಿಲ್ಲ.

ಸೌರಭ ಅವರೇ, ಕಂಪನಿಗಳನ್ನು ಬೈಯುವ ಹಕ್ಕು ನನಗೆ ಎಷ್ಟಿದೆಯೋ ತಿಳಿಯದು. ಒಬ್ಬಳೇ ಬಳಕೆದಾರಳಿದ್ದ ಒಂದು ಸಣ್ಣ ಕಂಪನಿಯನ್ನು ನಾನೂ ನಡೆಸಿದ್ದೇನೆ. ಆದರೆ ನಿಮಗೆ ಒಂದು ವಿನಂತಿ. ಏನಾದರೂ ಮಾಡುವ ಮುಂಚೆ, ಅದನ್ನು ಬಳಸುವವರ ಮನೆಯಲ್ಲಿ ಒಂದು ದಿನ ಕುಳಿತುಬನ್ನಿ. ಹೊತ್ತು ಮುಳುಗುವ ತನಕ ಕುಳಿತುಬನ್ನಿ.

ಫೋನ್ ಬಂದ ಮರುದಿನ ಎಸ್.ಟಿ. ಬಸ್ಸು ಹಿಡಿದು ದತ್ತವಾಡಕ್ಕೆ ಹೋದೆ. ಅಕ್ಕ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಎದುರು ಕುಳಿತು ಕೈಮುಗಿದೆ. ಹೇಳಬೇಕಾದ್ದನ್ನು ಬಾಯಿಯಿಂದಲೇ ಹೇಳಿದೆ. ಅವಳು ಒಂದು ಹಿಡಿ ಶೇಂಗಾ ನನ್ನ ಮುಂದೆ ಸರಿಸಿದಳು. "ಆತ್ ಬಿಡ, ಸುಲಿ" ಎಂದಳು. ಇಬ್ಬರೂ ಸುಲಿದೆವು. ಸಿಪ್ಪೆ ಗುಡ್ಡೆ ಮಾಡುತ್ತ ಅವಳೇ ಮಾತೆತ್ತಿದಳು.

"ನನ್ನ ಮುಂದ ಹೇಳೂದು ಏನೈತಿ? ಕೊಟ್ಟಾಕಿ ನಾ, ನನಗ ಗೊತ್ತೈತಿ. ಅಂಗಳದಾಗ ಇದ್ದಾರಿಗೆ ಯಾರ ಹೇಳ್ಯಾರು? ಶಾಲನ ಕಾಕು ಇವತ್ತಿಗೂ ನಮ್ಮನ್ಯಾಗ ಚಾ ಕುಡ್ಯಾಂಗಿಲ್ಲ."

ಇಂದಿನ ಕಾರ್ಯಕ್ರಮಕ್ಕೆ ಬಾ ಎಂದು ಕರೆದೆ. ಬರಲಿಲ್ಲ. "ನಾ ಅಲ್ಲಿ ಕುಂತಿದ್ರ, ಅಕ್ಕನ ಮಾರಿ ನೋಡಿ ಹೇಳಾಕತ್ತಾಳ ಅಂತಾರ. ನಾ ಇಲ್ಲದಾಗ ಹೇಳು" ಎಂದಳು.

ಶಾಲನ ಕಾಕು, ನಮಗೆ ಚಿಕ್ಕಮ್ಮನಂಥವರು ನೀವು, ಎರಡನೆಯ ಸಾಲಿನಲ್ಲಿದ್ದೀರಿ. ಆ ದಿನ ಅಂಗಳದಲ್ಲಿದ್ದ ಇನ್ನೂ ಆರೇಳು ಮುಖಗಳು ಇಲ್ಲಿಂದ ನನಗೆ ಕಾಣುತ್ತಿವೆ. ದಯವಿಟ್ಟು ಕೇಳಿ. ನನ್ನ ಅಕ್ಕ ರತ್ನಮಾಲಾ ಎರಡು ವರ್ಷ, ಒಂದು ದಿನವೂ ಬಿಡದೆ, ಸಂಜೆ ಐದೂವರೆಗೆ ಅವ್ವನಿಗೆ ಗುಳಿಗೆ ಕೊಟ್ಟಿದ್ದಾಳೆ. ಔಷಧಿ ತಪ್ಪಿಸಲಿಲ್ಲ, ಅವ್ವನ ನೇಮವನ್ನೂ ಮುರಿಯಲಿಲ್ಲ. ಆ ದಿನ ನಾನು ಹೇಳಿದ್ದು ಸುಳ್ಳು. ಅದನ್ನು ನಂಬಿದ್ದು ನಿಮ್ಮ ತಪ್ಪಲ್ಲ, ನಂಬುವ ಹಾಗೆ ನಾನು ಕಾಗದ ತೋರಿಸಿದ್ದೆ.

ಕಾಕು, ನಾಳೆ ನಾನು ದತ್ತವಾಡಕ್ಕೆ ಹೋಗುವವಳಿದ್ದೇನೆ. ನನ್ನ ಕೂಡ ನೀವೂ ಬರ್ರಿ. ಅಕ್ಕ ಚಹಾ ಇಡುತ್ತಾಳೆ.

ಕಂಪ್ಯೂಟರಿನ ಮಾತಿಗೆ ಕರೆದು, ಈ ಮಾತನ್ನೂ ಆಡಲು ಬಿಟ್ಟ ಹರ್ಷದಾತಾಯಿಯವರಿಗೆ, ಸಿಟ್ಟಾಗದೆ ಕೇಳಿದ ಸೌರಭ ಅವರಿಗೆ, ಮೊಬೈಲ್ ಕೆಳಗಿಟ್ಟ ಹಿಂದಿನ ಸಾಲಿನವರಿಗೆ, ನಿಮಗೆಲ್ಲರಿಗೆ ನಾನು ಋಣಿ. ನಮಸ್ಕಾರ.